ಮಾರ್ಚ್‌ನಲ್ಲೇ ಕೈತಪ್ಪಿದ ಕುರ್ಚಿ: ಲಾಸ್ ಏಂಜಲೀಸ್ ಸ್ಕೂಲ್ ಬೋರ್ಡ್‌ನ ಒಂದು ಮರುಆಯ್ಕೆ ಹೋರಾಟ

ವರ್ಷಕ್ಕೆ 45,637 ಡಾಲರ್ ಸಂಬಳ. ಹೆಸರಿಗೆ ಪಾರ್ಟ್ ಟೈಮ್ ಕೆಲಸ. ಲಾಸ್ ಏಂಜಲೀಸ್‌ನಂಥ ದುಬಾರಿ ಊರಿನಲ್ಲಿ ಬಾಡಿಗೆ ಕಟ್ಟಿದರೆ ಅದರಲ್ಲಿ ಹೆಚ್ಚೇನೂ ಮಿಗುವುದಿಲ್ಲ. 2017ರಲ್ಲಿ ಇಂಥ ಎರಡು ಕುರ್ಚಿಗಳಿಗಾಗಿ ಹೊರಗಿನ ಗುಂಪುಗಳು ಸುರಿದ ಹಣ ಸುಮಾರು ಒಂದೂವರೆ ಕೋಟಿ ಡಾಲರ್. ಅಭ್ಯರ್ಥಿಗಳು ತಾವೇ ಎತ್ತಿದ ಚಂದಾ ಸೇರಿಸಿದರೆ 1.7 ಕೋಟಿಯ ಹತ್ತಿರ ಹೋಗುತ್ತದೆ. ಅಮೆರಿಕದಲ್ಲಿ ಅಲ್ಲಿಯವರೆಗೆ ಯಾವ ಸ್ಕೂಲ್ ಬೋರ್ಡ್ ಚುನಾವಣೆಗೂ ಇಷ್ಟು ಖರ್ಚಾಗಿರಲಿಲ್ಲ.

ಆ ಎರಡರಲ್ಲಿ ಒಂದು ಕುರ್ಚಿಯಲ್ಲಿ ಆಗಲೇ ಎಂಟು ವರ್ಷದಿಂದ ಕೂತಿದ್ದವರು ಸ್ಟೀವ್ ಝಿಮ್ಮರ್. ಬೋರ್ಡಿನ ಅಧ್ಯಕ್ಷರೂ ಅವರೇ. ಮೂರನೇ ಸಲ ಕಣಕ್ಕಿಳಿದಿದ್ದರು. ಸೋತರು. ದುಡ್ಡು ಸೋಲಿಸಿತು ಎಂದು ಅವರ ಕಡೆಯವರು ಹೇಳಿದರು. ಜನ ಬದಲಾವಣೆ ಕೇಳಿದರು ಎಂದು ಗೆದ್ದವರ ಕಡೆಯವರು ಹೇಳಿದರು. ನನಗೆ ಎರಡೂ ಅರ್ಧ ಮಾತು ಅನ್ನಿಸುತ್ತದೆ. ಅಂಕಿಗಳನ್ನು ಮುಂದಿಟ್ಟುಕೊಂಡು ಕೂತರೆ ಕಥೆ ಬೇರೆ ಥರ ಕಾಣುತ್ತದೆ. ಅದಕ್ಕೇ ಈ ಒಂದು ಪ್ರಕರಣವನ್ನು ಬಿಡಿಸಿ ನೋಡುವ ಆಸೆ.

ಮೊದಲು ಸ್ಕೂಲ್ ಬೋರ್ಡ್ ಅಂದರೇನು ಎಂದು ಹೇಳಬೇಕು. ನಮ್ಮಲ್ಲಿ ಬೋರ್ಡ್ ಎಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸುವ ಕಚೇರಿ, ಅಷ್ಟೆ. ಶಾಲೆಗಳನ್ನು ನಡೆಸುವುದು ರಾಜ್ಯ ಸರ್ಕಾರ. ಡಿಡಿಪಿಐ ಯಾರಾಗಬೇಕು ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಶಾಲೆಗೊಂದು ಎಸ್‌ಡಿಎಂಸಿ ಇದೆ, ಅದರಲ್ಲಿ ತಂದೆತಾಯಂದಿರು ಇರುತ್ತಾರೆ. ಆದರೆ ಅದರ ಕೈ ಆ ಶಾಲೆಯ ಕಾಂಪೌಂಡ್ ದಾಟುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಬಹಳ ಕಡೆ ಶಾಲೆಗಳಿಗೇ ಒಂದು ಪ್ರತ್ಯೇಕ ಸ್ಥಳೀಯ ಸರ್ಕಾರ ಇದೆ. ಅದಕ್ಕೆ ಅದರದೇ ಗಡಿ, ಅದರದೇ ಬಜೆಟ್, ಅದರದೇ ಚುನಾವಣೆ. ಗೆದ್ದು ಬಂದವರ ಗುಂಪೇ ಸ್ಕೂಲ್ ಬೋರ್ಡ್. ಸೂಪರಿಂಟೆಂಡೆಂಟ್ ಎಂಬ ಮುಖ್ಯ ಅಧಿಕಾರಿಯನ್ನು ನೇಮಿಸುವುದು, ಬೇಡವಾದರೆ ಮನೆಗೆ ಕಳಿಸುವುದು ಇವರೇ. ಶಿಕ್ಷಕರ ಸಂಬಳದ ಒಪ್ಪಂದಕ್ಕೆ, ಹೊಸ ಶಾಲೆಗೆ, ಮುಚ್ಚುವ ಶಾಲೆಗೆ ಎಲ್ಲಕ್ಕೂ ಇವರ ವೋಟು ಬೇಕು. ಹೆಚ್ಚಿನ ಕಡೆ ಮತಪತ್ರದಲ್ಲಿ ಪಕ್ಷದ ಹೆಸರು ಇರುವುದಿಲ್ಲ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯ ಹಾಗೆ. ಯಾರು ಯಾವ ಕಡೆ ಎಂದು ಮಾತ್ರ ಊರಿಗೆಲ್ಲ ಗೊತ್ತಿರುತ್ತದೆ. ಅದೂ ಗ್ರಾಮ ಪಂಚಾಯಿತಿಯ ಹಾಗೆಯೇ.

ಲಾಸ್ ಏಂಜಲೀಸ್ ಯುನಿಫೈಡ್ ದೇಶದ ಎರಡನೇ ಅತಿ ದೊಡ್ಡ ಶಾಲಾ ಜಿಲ್ಲೆ. ನ್ಯೂಯಾರ್ಕ್ ಬಿಟ್ಟರೆ ಇದೇ. ಆಗ ಮಕ್ಕಳು ಆರು ಲಕ್ಷಕ್ಕೂ ಹೆಚ್ಚು. ವಾರ್ಷಿಕ ಬಜೆಟ್ 700 ಕೋಟಿ ಡಾಲರ್ ದಾಟಿತ್ತು. ಇಷ್ಟನ್ನೂ ನೋಡಿಕೊಳ್ಳುವ ಬೋರ್ಡಿನಲ್ಲಿ ಏಳೇ ಜನ. ನಾಲ್ಕು ವೋಟು ಸಿಕ್ಕರೆ ಏನು ಬೇಕಾದರೂ ಪಾಸಾಗುತ್ತದೆ. ಹಾಗಾಗಿ ಒಂದು ಕುರ್ಚಿ ಈ ಕಡೆಯಿಂದ ಆ ಕಡೆ ಹೋದರೆ ಇಡೀ ಜಿಲ್ಲೆಯ ದಾರಿಯೇ ಬದಲಾಗಬಹುದು. ದುಡ್ಡು ಹಾಕುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಝಿಮ್ಮರ್ ಪ್ರತಿನಿಧಿಸಿದ್ದು 4ನೇ ಕ್ಷೇತ್ರ. ನಗರದ ಪಶ್ಚಿಮ ಭಾಗ. ವೆನಿಸ್, ವೆಸ್ಟ್‌ಚೆಸ್ಟರ್, ಬ್ರೆಂಟ್‌ವುಡ್, ಪೆಸಿಫಿಕ್ ಪ್ಯಾಲಿಸೇಡ್ಸ್, ಗುಡ್ಡದ ಆಚೆ ಸ್ಯಾನ್ ಫರ್ನಾಂಡೊ ಕಣಿವೆಯ ಎನ್ಸಿನೊ, ಟಾರ್ಝಾನಾ, ವುಡ್‌ಲ್ಯಾಂಡ್ ಹಿಲ್ಸ್. ಹೆಸರು ಓದಿದರೇ ಗೊತ್ತಾಗುತ್ತದೆ, ದುಡ್ಡಿರುವ ಜಾಗಗಳು ಇದರಲ್ಲಿ ಜಾಸ್ತಿ. ಒಟ್ಟು ಜಿಲ್ಲೆಯ ಮಕ್ಕಳಲ್ಲಿ ನಾಲ್ಕರಲ್ಲಿ ಮೂವರು ಲ್ಯಾಟಿನೊ ಕುಟುಂಬದವರು. ಹೆಚ್ಚಿನವರು ಬಡವರು. ಶಾಲೆಯಲ್ಲಿ ಕೂತಿರುವ ಮಕ್ಕಳು ಒಂದು ಥರ, ಈ ಕ್ಷೇತ್ರದಲ್ಲಿ ವೋಟು ಹಾಕುವವರು ಇನ್ನೊಂದು ಥರ. ಇದನ್ನು ಇಲ್ಲೇ ಹೇಳಿಟ್ಟಿರುತ್ತೇನೆ, ಮುಂದೆ ಬೇಕಾಗುತ್ತದೆ.

ಮೇಷ್ಟ್ರು ಮತ್ತು ಮೇಷ್ಟ್ರು

ಝಿಮ್ಮರ್ 1992ರಲ್ಲಿ ಟೀಚ್ ಫಾರ್ ಅಮೆರಿಕ ಮೂಲಕ ಲಾಸ್ ಏಂಜಲೀಸ್‌ಗೆ ಬಂದವರು. ಆಗಷ್ಟೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರನ್ನು ಎರಡು ವರ್ಷಕ್ಕೆ ಬಡ ಶಾಲೆಗಳಿಗೆ ಕಳಿಸುವ ಸಂಸ್ಥೆ ಅದು. ಹೆಚ್ಚಿನವರು ಎರಡು ವರ್ಷ ಮುಗಿಸಿ ಬೇರೆ ದಾರಿ ಹಿಡಿಯುತ್ತಾರೆ. ಇವರು 17 ವರ್ಷ ಇದ್ದರು. ಮೊದಲು ಜೆಫರ್ಸನ್ ಹೈಸ್ಕೂಲು, ಆಮೇಲೆ ಮಾರ್ಷಲ್ ಹೈಸ್ಕೂಲು. ವಲಸೆ ಬಂದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದರು, ಕೌನ್ಸೆಲರ್ ಆದರು. 2009ರಲ್ಲಿ ಬೋರ್ಡಿಗೆ ಗೆದ್ದರು. ಸಭೆಗಳಲ್ಲಿ ಉದ್ದಕ್ಕೆ, ಭಾವುಕರಾಗಿ ಮಾತಾಡುವವರು ಎಂದು ಹೆಸರು.

ಅವರ ಎದುರು ನಿಂತ ನಿಕ್ ಮೆಲ್ವೊಯಿನ್ ಕೂಡ ಅದೇ ಟೀಚ್ ಫಾರ್ ಅಮೆರಿಕದಿಂದ ಬಂದವರೇ. ವಯಸ್ಸಿನಲ್ಲಿ ಚಿಕ್ಕವರು, ಮೂವತ್ತರ ಆಸುಪಾಸು. ಬ್ರೆಂಟ್‌ವುಡ್‌ನಲ್ಲಿ ಬೆಳೆದು, ಊರಿನ ದೊಡ್ಡ ಹೆಸರಿನ ಖಾಸಗಿ ಶಾಲೆಯಲ್ಲಿ ಓದಿ, ಹಾರ್ವರ್ಡ್‌ಗೆ ಹೋಗಿ, ಆಮೇಲೆ ವಾಟ್ಸ್ ಪ್ರದೇಶದ ಮಾರ್ಖಮ್ ಮಿಡಲ್ ಸ್ಕೂಲಿನಲ್ಲಿ ಪಾಠ ಮಾಡಿದರು. 2008ರ ಆರ್ಥಿಕ ಕುಸಿತದ ನಂತರ ಬಜೆಟ್ ಕಡಿತ ಬಂತು. ಶಿಕ್ಷಕರನ್ನು ತೆಗೆಯುವಾಗ ಸೇವಾ ಹಿರಿತನವೇ ಅಳತೆಗೋಲು. ಕೊನೆಯಲ್ಲಿ ಸೇರಿದವರು ಮೊದಲು ಹೊರಗೆ. ಮಾರ್ಖಮ್‌ನಂಥ ಬಡ ಶಾಲೆಗಳಲ್ಲಿ ಹೊಸ ಶಿಕ್ಷಕರೇ ತುಂಬಿದ್ದರಿಂದ ಅಂಥ ಶಾಲೆಗಳು ಖಾಲಿಯಾದವು. ಮೆಲ್ವೊಯಿನ್ ಅವರ ಕೆಲಸವೂ ಹೋಯಿತು. ಇದರ ವಿರುದ್ಧ ನಡೆದ ಕೋರ್ಟ್ ಹೋರಾಟದಲ್ಲಿ ಅವರು ಭಾಗಿಯಾದರು, ಮುಂದೆ ಕಾನೂನು ಓದಿದರು.

ಅಂದರೆ ಒಂದೇ ಬಾಗಿಲಿನಿಂದ ಒಳಗೆ ಬಂದ ಇಬ್ಬರು. ಒಬ್ಬರು ಒಳಗೇ ಉಳಿದು ವ್ಯವಸ್ಥೆಯನ್ನು ಕಾಪಾಡಬೇಕು ಎಂದುಕೊಂಡರು. ಇನ್ನೊಬ್ಬರನ್ನು ವ್ಯವಸ್ಥೆಯೇ ಹೊರಗೆ ಹಾಕಿತು, ಅದನ್ನು ಮುರಿದು ಕಟ್ಟಬೇಕು ಎಂದುಕೊಂಡರು. ಇಬ್ಬರೂ ಡೆಮಾಕ್ರಾಟರೇ. ಪ್ರಚಾರದ ಗದ್ದಲದಲ್ಲಿ ಈ ಮಾತು ಯಾರಿಗೂ ಕೇಳಿಸಲಿಲ್ಲ.

ಜಗಳ ಯಾವುದಕ್ಕೆ

ಒಂದೇ ಮಾತಿನಲ್ಲಿ ಹೇಳುವುದಾದರೆ ಚಾರ್ಟರ್ ಶಾಲೆಗೆ. ನಮ್ಮ ಅನುದಾನಿತ ಶಾಲೆಗಳನ್ನು ನೆನಪಿಸಿಕೊಳ್ಳಿ. ದುಡ್ಡು ಸರ್ಕಾರದ್ದು, ಆಡಳಿತ ಬೇರೆಯವರದ್ದು. ಚಾರ್ಟರ್ ಶಾಲೆಯೂ ಹೆಚ್ಚುಕಮ್ಮಿ ಹಾಗೇ. ಫೀಸು ತೆಗೆದುಕೊಳ್ಳುವಂತಿಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ 1992ರಲ್ಲೇ ಕಾನೂನು ಬಂತು. ಅಲ್ಲಿನ ಹೆಚ್ಚಿನ ಚಾರ್ಟರ್‌ಗಳಲ್ಲಿ ಶಿಕ್ಷಕರ ಸಂಘ ಇಲ್ಲ. ಸಂಘಕ್ಕೆ ಸಿಟ್ಟು ಬರಲು ಅಷ್ಟು ಸಾಕು.

ಆದರೆ ಅದಕ್ಕಿಂತ ದೊಡ್ಡದು ಹಣದ ಲೆಕ್ಕ. ಸರ್ಕಾರದ ಹಣ ಮಗುವಿನ ಹಿಂದೆ ಹೋಗುತ್ತದೆ. ಮಗು ಚಾರ್ಟರ್‌ಗೆ ಹೋದರೆ ಹಣವೂ ಹೋಯಿತು. ಒಂದು ಶಾಲೆಯಿಂದ ಮೂವತ್ತು ಮಕ್ಕಳು ಹೋದರು ಅಂದುಕೊಳ್ಳಿ. ಮೂವತ್ತೂ ಬೇರೆ ಬೇರೆ ತರಗತಿಯವರು. ಒಬ್ಬ ಶಿಕ್ಷಕರನ್ನೂ ಕಡಿಮೆ ಮಾಡಲಾಗುವುದಿಲ್ಲ. ಕರೆಂಟ್ ಬಿಲ್ಲು ಅಷ್ಟೇ, ಕಟ್ಟಡ ಅದೇ, ನಿವೃತ್ತರ ಪಿಂಚಣಿಯ ಭಾರವೂ ಅಷ್ಟೇ. ಆದಾಯ ಮಾತ್ರ ಇಳಿಯಿತು. 2000ದ ದಶಕದ ಮೊದಲ ವರ್ಷಗಳಲ್ಲಿ ಏಳು ಲಕ್ಷ ದಾಟಿದ್ದ ಮಕ್ಕಳ ಸಂಖ್ಯೆ ಆಮೇಲೆ ಇಳಿಯುತ್ತಲೇ ಹೋಯಿತು. ಇದಕ್ಕೆ ಚಾರ್ಟರ್ ಒಂದೇ ಕಾರಣ ಅಲ್ಲ. ಹುಟ್ಟುವ ಮಕ್ಕಳೇ ಕಡಿಮೆಯಾದರು, ಬಾಡಿಗೆ ಕಟ್ಟಲಾಗದೆ ಊರು ಬಿಟ್ಟವರೂ ಇದ್ದರು. ಆದರೂ 2017ರ ಹೊತ್ತಿಗೆ ಲಾಸ್ ಏಂಜಲೀಸ್‌ನಲ್ಲಿ 200ಕ್ಕೂ ಹೆಚ್ಚು ಚಾರ್ಟರ್‌ಗಳಿದ್ದವು. ದೇಶದ ಬೇರಾವ ಜಿಲ್ಲೆಯಲ್ಲೂ ಅಷ್ಟಿರಲಿಲ್ಲ.

ಚಾರ್ಟರ್ ಪರ ಇರುವ ತಂದೆತಾಯಂದಿರ ಮಾತನ್ನೂ ಕೇಳಬೇಕು. ನಮ್ಮ ಬೀದಿಯ ಶಾಲೆ ಹತ್ತು ವರ್ಷದಿಂದ ಹಾಗೇ ಇದೆ, ನನ್ನ ಮಗಳಿಗೆ ಈಗ ಏಳು ವರ್ಷ, ನಿಮ್ಮ ಸುಧಾರಣೆಗೆ ಅವಳು ಎಷ್ಟು ದಿನ ಕಾಯಬೇಕು? ಇದಕ್ಕೆ ಪಿಂಚಣಿ ಲೆಕ್ಕ ಉತ್ತರ ಆಗುವುದಿಲ್ಲ. ಮನೆ ಮಾರಿಯಾದರೂ ಮಕ್ಕಳನ್ನು ಕಾನ್ವೆಂಟಿಗೆ ಸೇರಿಸುವ ನಮ್ಮ ಊರುಗಳವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಝಿಮ್ಮರ್ ಹಠ ಹಿಡಿದ ವಿರೋಧಿ ಅಲ್ಲ. ಚಾರ್ಟರ್ ಅರ್ಜಿಗಳಿಗೆ ಎಷ್ಟೋ ಸಲ ಹೌದು ಎಂದು ವೋಟು ಹಾಕಿದವರೇ. ಬೆಳವಣಿಗೆಗೆ ಒಂದು ಲಗಾಮು ಬೇಕು, ನಿಗಾ ಜಾಸ್ತಿ ಬೇಕು ಎನ್ನುತ್ತಿದ್ದರು, ಅಷ್ಟೆ. ಏಳು ಜನರ ಬೋರ್ಡಿನಲ್ಲಿ ನಡುವೆ ನಿಲ್ಲುವವರು ಎಂದು ಅವರಿಗೆ ಹೆಸರಿತ್ತು. ನಡುವೆ ನಿಂತವರಿಗೆ ಎರಡು ಕಡೆಯಿಂದಲೂ ಏಟು ಬೀಳುತ್ತದೆ. 2013ರಲ್ಲಿ ಮೊದಲ ಏಟು ಬಿತ್ತು. ಕೇಟ್ ಆ್ಯಂಡರ್ಸನ್ ಎಂಬ ವಕೀಲೆ ಎದುರು ನಿಂತರು. ನ್ಯೂಯಾರ್ಕ್‌ನಲ್ಲಿ ಆಗ ಮೇಯರ್ ಆಗಿದ್ದ ಮೈಕೆಲ್ ಬ್ಲೂಮ್‌ಬರ್ಗ್, ಲಾಸ್ ಏಂಜಲೀಸ್‌ನ ಶಾಲಾ ಸುಧಾರಣೆ ಗುಂಪಿಗೆ 10 ಲಕ್ಷ ಡಾಲರ್ ಕಳಿಸಿದರು. ಆ ಗುಂಪು ಆ್ಯಂಡರ್ಸನ್ ಪರ ಇತ್ತು. ದೇಶದ ಒಂದು ತುದಿಯ ಮೇಯರ್ ಇನ್ನೊಂದು ತುದಿಯ ಶಾಲಾ ಚುನಾವಣೆಗೆ ದುಡ್ಡು ಕೊಡುವುದು! ಶಿಕ್ಷಕರ ಸಂಘದವರು ಝಿಮ್ಮರ್ ಪರ ಬೀದಿಗಿಳಿದು ಮನೆಮನೆ ಬಾಗಿಲು ತಟ್ಟಿದರು. ಸುಮಾರು 52ಕ್ಕೆ 48ರ ಅಂತರದಲ್ಲಿ ಝಿಮ್ಮರ್ ಗೆದ್ದರು.

ಆ ಗೆಲುವಿನಲ್ಲೇ ಒಂದು ಗಂಟು ಬಿತ್ತು ಅನ್ನಿಸುತ್ತದೆ ನನಗೆ. ಅಲ್ಲಿಯವರೆಗೆ ನಡುವಿನವರಾಗಿದ್ದ ಝಿಮ್ಮರ್ ಆ ದಿನದಿಂದ ಸಂಘದ ಮನುಷ್ಯ ಎಂದು ಕಾಣತೊಡಗಿದರು. ಅವರ ವೋಟುಗಳು ಅಷ್ಟೇನೂ ಬದಲಾಗಿರಲಿಲ್ಲ. ಕೈ ಹಿಡಿದವರು ಯಾರು ಎಂಬುದನ್ನು ಮಾತ್ರ ಜನ ನೋಡಿಬಿಟ್ಟಿದ್ದರು.

ಆಮೇಲೆ 2015 ಬಂತು. ಜುಲೈನಲ್ಲಿ ಝಿಮ್ಮರ್ ಅಧ್ಯಕ್ಷರಾದರು. ಅದೇ ವರ್ಷ ಕೋಟ್ಯಧಿಪತಿ ದಾನಿ ಎಲಿ ಬ್ರಾಡ್ ಅವರ ಪ್ರತಿಷ್ಠಾನದ ಒಂದು ಯೋಜನೆ ಪತ್ರಿಕೆಗೆ ಸೋರಿತು. ಎಂಟು ವರ್ಷದಲ್ಲಿ ಜಿಲ್ಲೆಯ ಅರ್ಧದಷ್ಟು ಮಕ್ಕಳನ್ನು ಚಾರ್ಟರ್‌ಗೆ ತರುವುದು, ಅದಕ್ಕೆ 49 ಕೋಟಿ ಡಾಲರ್. ನಡುವೆ ನಿಲ್ಲಲು ಇನ್ನು ಜಾಗವೇ ಉಳಿಯಲಿಲ್ಲ. 2016ರ ಜನವರಿಯಲ್ಲಿ ಬೋರ್ಡ್ ಒಮ್ಮತದಿಂದ ಈ ಯೋಜನೆಯನ್ನು ವಿರೋಧಿಸಿತು. ಅದೇ ಅಕ್ಟೋಬರ್‌ನಲ್ಲಿ ಐದು ಚಾರ್ಟರ್ ಶಾಲೆಗಳ ಅನುಮತಿ ಮುಂದುವರಿಸಲು ನಿರಾಕರಿಸಿತು. ಚಾರ್ಟರ್ ಪರದವರಿಗೆ ಸಂದೇಶ ತಲುಪಿತು. ನಾಲ್ಕು ವೋಟು ಬೇಕು, ಅದಕ್ಕೆ ಅಧ್ಯಕ್ಷರ ಕುರ್ಚಿಗೇ ಕೈ ಹಾಕಬೇಕು.

ಸಾವಿರ ಡಾಲರ್ ಮಿತಿ, ಲಕ್ಷಗಟ್ಟಲೆ ಡಾಲರ್ ಪತ್ರ

ಇಲ್ಲಿ ಒಂದು ತಮಾಷೆ ಇದೆ. 2007ರಲ್ಲಿ ಲಾಸ್ ಏಂಜಲೀಸ್ ಮತದಾರರು ಮೆಷರ್ ಎಲ್ ಎಂಬ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿದ್ದರು. ಅದು ಎರಡು ಕೆಲಸ ಮಾಡಿತು. ಬೋರ್ಡ್ ಸದಸ್ಯರಿಗೆ ಮೂರೇ ಅವಧಿ ಎಂದಿತು. ಒಬ್ಬ ದಾನಿ ಒಬ್ಬ ಅಭ್ಯರ್ಥಿಗೆ ಸಾವಿರ ಡಾಲರ್‌ನ ಆಸುಪಾಸಿಗಿಂತ ಜಾಸ್ತಿ ಕೊಡುವಂತಿಲ್ಲ ಎಂದಿತು. ದುಡ್ಡಿನವರ ಕೈ ಕಟ್ಟುವ ಉದ್ದೇಶ.

ಆದರೆ ಕೈ ಕಟ್ಟಿದ್ದು ಅಭ್ಯರ್ಥಿಗೆ ಕೊಡುವ ಹಣಕ್ಕೆ ಮಾತ್ರ. ಅಭ್ಯರ್ಥಿಯ ಜೊತೆ ಮಾತುಕತೆ ಇಲ್ಲದೆ, ಸ್ವತಂತ್ರವಾಗಿ, ಅವರ ಪರವೋ ವಿರುದ್ಧವೋ ಖರ್ಚು ಮಾಡಿದರೆ ಮಿತಿಯೇ ಇಲ್ಲ. ಅಮೆರಿಕದ ಕೋರ್ಟುಗಳು ಇದನ್ನು ವಾಕ್ ಸ್ವಾತಂತ್ರ್ಯ ಎಂದು ನೋಡುತ್ತವೆ. ಹೀಗಾಗಿ ಮುಂಬಾಗಿಲಿಗೆ ಬೀಗ ಬಿತ್ತು, ಹಿತ್ತಲ ಬಾಗಿಲು ಹಾರು ಹೊಡೆದುಕೊಂಡೇ ಇತ್ತು. ಅಭ್ಯರ್ಥಿಗಳೇ ಚಿಕ್ಕವರಾಗಿಬಿಟ್ಟರು. ಮನೆಗೆ ಬಂದು ಬೀಳುವ ಬಣ್ಣಬಣ್ಣದ ಪತ್ರಗಳಲ್ಲಿ ಹೆಚ್ಚಿನವು ಝಿಮ್ಮರ್ ಕಳಿಸಿದ್ದೂ ಅಲ್ಲ, ಮೆಲ್ವೊಯಿನ್ ಕಳಿಸಿದ್ದೂ ಅಲ್ಲ. ತಮ್ಮ ಚುನಾವಣೆಯಲ್ಲಿ ತಾವೇ ಪ್ರೇಕ್ಷಕರು.

ಯಾರ ಹಣ? ಲಾಸ್ ಏಂಜಲೀಸ್‌ನ ಮಾಜಿ ಮೇಯರ್ ರಿಚರ್ಡ್ ರಿಯೊರ್ಡನ್ ಸುಮಾರು 20 ಲಕ್ಷ ಡಾಲರ್ ಹಾಕಿದರು, ಅದರಲ್ಲಿ ದೊಡ್ಡ ಪಾಲು ನೇರವಾಗಿ ಝಿಮ್ಮರ್ ವಿರುದ್ಧದ ಪ್ರಚಾರಕ್ಕೆ. ನೆಟ್‌ಫ್ಲಿಕ್ಸ್‌ನ ರೀಡ್ ಹೇಸ್ಟಿಂಗ್ಸ್ ರಾಜ್ಯದ ಚಾರ್ಟರ್ ಸಂಘಟನೆಯ ರಾಜಕೀಯ ಘಟಕಕ್ಕೆ ಲಕ್ಷಗಟ್ಟಲೆ ಡಾಲರ್ ಕೊಟ್ಟರು. ಆ ಕಡೆಯಿಂದ ಶಿಕ್ಷಕರ ಸಂಘ ಮತ್ತು ಅದರ ರಾಷ್ಟ್ರೀಯ ಬೆಂಬಲಿಗರು. ಎರಡು ಕ್ಷೇತ್ರ ಸೇರಿ ಚಾರ್ಟರ್ ಪರ ಖರ್ಚು ಸುಮಾರು 97 ಲಕ್ಷ, ಸಂಘಗಳದ್ದು ಸುಮಾರು 52 ಲಕ್ಷ. ಸಂಘದ ಕಡೆಯವರು ಕೋಟ್ಯಧಿಪತಿಗಳ ದಾಳಿ ಎಂದು ಕೂಗಿದರು. ಸರಿ. ಆದರೆ 52 ಲಕ್ಷ ಡಾಲರ್ ಕೂಡ ಬಡವರ ಗುಡಿಸಲಿನಿಂದ ಬಂದದ್ದಲ್ಲ. ಶಿಕ್ಷಕರ ಸಂಬಳದ ಮೇಲೆ ವೋಟು ಹಾಕುವ ಬೋರ್ಡಿಗೆ ಶಿಕ್ಷಕರ ಸಂಘವೇ ಅಭ್ಯರ್ಥಿ ಆರಿಸುವುದು ಸರಿಯೇ ಎಂದು ಕೇಳಿದವರೂ ಇದ್ದರು.

ಪತ್ರಗಳ ಮಟ್ಟ ಕೇಳಬೇಡಿ. ಎಲ್ಲ ಮಕ್ಕಳಿಗೂ ಐಪ್ಯಾಡ್ ಕೊಡುವ ನೂರು ಕೋಟಿ ಡಾಲರ್ ದಾಟುವ ಯೋಜನೆ 2013ರಲ್ಲಿ ಶುರುವಾಗಿ ಮುಗ್ಗರಿಸಿತ್ತು. 2014ರ ಡಿಸೆಂಬರ್‌ನಲ್ಲಿ ಎಫ್‌ಬಿಐನವರು ಬಂದು ಪೆಟ್ಟಿಗೆಗಟ್ಟಲೆ ಕಡತ ಹೊತ್ತೊಯ್ದಿದ್ದರು. ಕೊನೆಗೆ ಯಾರ ಮೇಲೂ ಕೇಸು ಹಾಕಲಿಲ್ಲ. ಈಗ ಆ ಹಗರಣ ಝಿಮ್ಮರ್ ತಲೆಗೆ ಕಟ್ಟಲಾಯಿತು. ಅವರು ಬೋರ್ಡಿನಲ್ಲಿದ್ದದ್ದು, ಒಪ್ಪಿಗೆ ಕೊಟ್ಟದ್ದು ನಿಜ. ಆದರೆ ಯೋಜನೆಯನ್ನು ಎಳೆದು ತಂದವರು ಆಗಿನ ಸೂಪರಿಂಟೆಂಡೆಂಟ್ ಜಾನ್ ಡೀಸಿ. ಅವರು ಚಾರ್ಟರ್ ಪರದ ಸುಧಾರಣೆ ಪಾಳಯದ ಕಣ್ಮಣಿ! ಝಿಮ್ಮರ್ ಪರದ ಪತ್ರಗಳೂ ಕಡಿಮೆ ಇರಲಿಲ್ಲ. ಟ್ರಂಪ್ ಆಗಷ್ಟೇ ಅಧಿಕಾರಕ್ಕೆ ಬಂದಿದ್ದರು. ಅವರ ಶಿಕ್ಷಣ ಕಾರ್ಯದರ್ಶಿ ಬೆಟ್ಸಿ ಡಿವೋಸ್ ಚಾರ್ಟರ್ ಪರ. ಮೆಲ್ವೊಯಿನ್‌ಗೆ ವೋಟು ಹಾಕಿದರೆ ಟ್ರಂಪ್‌ಗೂ ಡಿವೋಸ್‌ಗೂ ಹಾಕಿದ ಹಾಗೆ ಎಂಬ ಧಾಟಿಯ ಪ್ರಚಾರ ನಡೆಯಿತು. ಒಬಾಮ ಕಾಲದ ಶಿಕ್ಷಣ ಕಾರ್ಯದರ್ಶಿ ಆರ್ನಿ ಡಂಕನ್ ಬೆಂಬಲಿಸಿದ ಡೆಮಾಕ್ರಾಟ್ ಅಭ್ಯರ್ಥಿಗೆ ಈ ಹಣೆಪಟ್ಟಿ ಅಂಟಲಿಲ್ಲ. ಝಿಮ್ಮರ್ ಬೆನ್ನಿಗೆ ಸೆನೆಟರ್ ಬರ್ನಿ ಸ್ಯಾಂಡರ್ಸ್ ಇದ್ದರು, ನಗರದ ಆಗಿನ ಮೇಯರ್ ಎರಿಕ್ ಗಾರ್ಸೆಟಿ ಇದ್ದರು. ದೊಡ್ಡ ಹೆಸರುಗಳು ಇಷ್ಟು ಚಿಕ್ಕ ಚುನಾವಣೆಯಲ್ಲಿ ಎಷ್ಟು ವೋಟು ತರುತ್ತವೋ, ನನಗಂತೂ ಅನುಮಾನ.

ಎರಡು ಮಂಗಳವಾರ

ಈಗ ಅಂಕಿಗೆ ಬರೋಣ. ಮೊದಲ ಸುತ್ತು 2017ರ ಮಾರ್ಚ್ 7. ಅರ್ಧಕ್ಕಿಂತ ಜಾಸ್ತಿ ವೋಟು ಬಂದರೆ ಅಲ್ಲಿಗೇ ಮುಗಿಯಿತು, ಇಲ್ಲದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು. ಕಣದಲ್ಲಿ ನಾಲ್ವರು. ಝಿಮ್ಮರ್‌ಗೆ ಶೇ. 47.5ರ ಹತ್ತಿರ ಬಂತು. ಮೆಲ್ವೊಯಿನ್‌ಗೆ ಶೇ. 31ರ ಹತ್ತಿರ. ಪ್ಯಾಲಿಸೇಡ್ಸ್ ಕಡೆಯ ಆ್ಯಲಿಸನ್ ಹೋಲ್ಡಾರ್ಫ್ ಪೋಲ್‌ಹಿಲ್ ಮತ್ತು ಗ್ರೆಗರಿ ಮಾರ್ಟಾಯನ್ ಉಳಿದದ್ದನ್ನು ಹಂಚಿಕೊಂಡರು.

ಮರುದಿನದ ಮಾತು ಹೇಗಿತ್ತು ಎಂದರೆ, ಝಿಮ್ಮರ್ 16 ಅಂಶ ಮುಂದಿದ್ದಾರೆ, ಎರಡೂವರೆ ಅಂಶ ಸಿಕ್ಕಿದ್ದರೆ ಅಲ್ಲೇ ಗೆದ್ದುಬಿಡುತ್ತಿದ್ದರು. ನಾನು ಇದನ್ನು ತಿರುಗಿಸಿ ಓದುತ್ತೇನೆ. ಎಂಟು ವರ್ಷ ಬೋರ್ಡಿನಲ್ಲಿದ್ದು, ಅಧ್ಯಕ್ಷರಾಗಿದ್ದು, ಎಲ್ಲರಿಗೂ ಹೆಸರು ಗೊತ್ತಿರುವ ಹಾಲಿ ಸದಸ್ಯ. ವೋಟು ಹಾಕಲು ಬಂದ ನೂರು ಜನರಲ್ಲಿ 52 ಜನ ಇವರು ಬೇಡ, ಬೇರೆ ಯಾರಾದರೂ ಸರಿ ಎಂದಿದ್ದಾರೆ. ಹೊಸಬರ ಸ್ಪರ್ಧೆಯಲ್ಲಿ 47 ಒಳ್ಳೆಯ ಅಂಕ. ಹಾಲಿ ಸದಸ್ಯರಿಗೆ ಅದು ಹೆಚ್ಚುಕಮ್ಮಿ ಮೇಲ್ಛಾವಣಿ. ಅವರನ್ನು ಇಷ್ಟಪಡುವವರೆಲ್ಲ ಮೊದಲ ಸುತ್ತಿನಲ್ಲೇ ಹಾಕಿಬಿಟ್ಟಿರುತ್ತಾರೆ. ಮೂರನೇ ಸ್ಥಾನದ ಪೋಲ್‌ಹಿಲ್ ಕೂಡ ಚಾರ್ಟರ್ ಪರದವರೇ. ಅವರ ವೋಟು ಝಿಮ್ಮರ್ ಕಡೆ ಬರುವ ದಾರಿಯೇ ಇರಲಿಲ್ಲ. ಮುಂದೆ ಅವರು ಮೆಲ್ವೊಯಿನ್ ಕಚೇರಿಯಲ್ಲೇ ಕೆಲಸ ಮಾಡಿದರು.

ಇನ್ನು ಮೇ 16ರ ಎರಡನೇ ಸುತ್ತು. ಮಾರ್ಚ್‌ನಲ್ಲಿ ಮತಪತ್ರದ ಮೇಲೆ ಮೇಯರ್ ಚುನಾವಣೆ ಇತ್ತು. ನಗರದ ಕಟ್ಟಡ ನಿರ್ಮಾಣಕ್ಕೆ ತಡೆ ಹಾಕುವ ಮೆಷರ್ ಎಸ್ ಇತ್ತು, ಅದಕ್ಕೆ ಊರೆಲ್ಲ ಬ್ಯಾನರು. ಹಾಗಿದ್ದೂ ಐವರಲ್ಲಿ ಒಬ್ಬರು ಬಂದದ್ದು. ಗಾರ್ಸೆಟಿ ಮಾರ್ಚ್‌ನಲ್ಲೇ ಶೇ. 81ರಷ್ಟು ವೋಟು ಪಡೆದು ಗೆದ್ದುಬಿಟ್ಟರು. ಮೇಯಲ್ಲಿ ಮೇಯರ್ ಚುನಾವಣೆ ಇಲ್ಲ. ನಗರ ಸಭೆಯ ಎರಡು ಕ್ಷೇತ್ರಗಳಲ್ಲಿ ಎರಡನೇ ಸುತ್ತು ಇತ್ತು, ಅವು ಪಶ್ಚಿಮ ಭಾಗದವಲ್ಲ. ಪೊಲೀಸರ ಶಿಸ್ತುಕ್ರಮ ಕುರಿತ ಒಂದು ಪ್ರಸ್ತಾವ ಇತ್ತು, ಅದಕ್ಕಾಗಿ ಮನೆಯಿಂದ ಎದ್ದು ಬರುವವರು ಎಷ್ಟು ಜನ? ನಗರದಲ್ಲಿ ಮತದಾನ ಶೇ. 10ರ ಆಸುಪಾಸಿಗೆ ಬಿತ್ತು. 4ನೇ ಕ್ಷೇತ್ರದಲ್ಲಿ ಎರಡೂ ಕಡೆ ಸೇರಿ ಬಿದ್ದ ವೋಟು ಒಂದು ಲಕ್ಷ ಮುಟ್ಟಲಿಲ್ಲ. ಮೆಲ್ವೊಯಿನ್‌ಗೆ ಸುಮಾರು ಶೇ. 57, ಝಿಮ್ಮರ್‌ಗೆ ಶೇ. 43.

ಮಾರ್ಚ್‌ನ 52 ಜನ ಮೇಯಲ್ಲಿ 57 ಆದರು. ಅಂದರೆ ಮೊದಲ ಸುತ್ತಿನ ಬೇಡ ಎಂಬ ಗುಂಪು ಹೆಚ್ಚುಕಮ್ಮಿ ಹಾಗೇ ಒಂದೇ ಹೆಸರಿನ ಹಿಂದೆ ಬಂದು ನಿಂತಿತು. ಮೇಲೆ ಇನ್ನು ನಾಲ್ಕೈದು ಅಂಶ ಸೇರಿತು. ಮಾರ್ಚ್‌ಗೂ ಮೇಗೂ ನಡುವೆ ಸುರಿದ ರಾಶಿ ದುಡ್ಡು ಆ ನಾಲ್ಕೈದನ್ನು ತಂದಿರಬಹುದು. ಝಿಮ್ಮರ್ ಸೋಲಲು ಆ ನಾಲ್ಕೈದು ಬೇಕಾಗಿಯೇ ಇರಲಿಲ್ಲ. ಹಾಗಂತ ದುಡ್ಡು ಮುಗ್ಧ ಅಂತಲ್ಲ. ರಿಯೊರ್ಡನ್ ಹಣದ ಬಿರುಸು ಮಾರ್ಚ್‌ಗೂ ಮೊದಲೇ ಶುರುವಾಗಿತ್ತು. ಝಿಮ್ಮರ್ 50 ದಾಟದಂತೆ ತಡೆದದ್ದು ಅದೇ ಎಂದು ವಾದಿಸಬಹುದು. ಎರಡೂವರೆ ಅಂಶದ ಮಾತು ತಾನೆ? ನನ್ನನ್ನು ಕೇಳಿದರೆ, ದುಡ್ಡು ಕೆಲಸ ಮಾಡಿದ್ದಿದ್ದರೆ ಅಲ್ಲಿ ಮಾಡಿದೆ. ಮೇಯ ಸುರಿಮಳೆಯ ಬಹುಪಾಲು ದಂಡ.

ಇನ್ನೊಂದು ಪ್ರಶ್ನೆ, ವೋಟು ಹಾಕಿದವರು ಯಾರು? ಮೇ ತಿಂಗಳ ಒಂದು ಮಂಗಳವಾರ, ಇದೊಂದೇ ಚುನಾವಣೆಗಾಗಿ ಬರುವವರು ಸಾಮಾನ್ಯವಾಗಿ ವಯಸ್ಸಾದವರು, ಸ್ವಂತ ಮನೆ ಇರುವವರು. ಅವರ ಮಕ್ಕಳು ಓದಿ ಮುಗಿಸಿ ಎಷ್ಟೋ ವರ್ಷ ಆಗಿರುತ್ತದೆ. ಶಾಲೆಯಲ್ಲಿ ಮಗು ಇರುವ ವಲಸೆ ತಾಯಿಗೆ ಎರಡು ಪಾಳಿ ಕೆಲಸ. ಪೌರತ್ವ ಇಲ್ಲದಿದ್ದರೆ ವೋಟೇ ಇಲ್ಲ. ನಮ್ಮ ಕಡೆಯಿಂದ ಹೋದ ಎಷ್ಟೋ ಎಂಜಿನಿಯರುಗಳ ಕಥೆಯೂ ಅದೇ. ಎಚ್-1ಬಿ ವೀಸಾದಲ್ಲಿ ವರ್ಷಗಟ್ಟಲೆ ತೆರಿಗೆ ಕಟ್ಟುತ್ತಾರೆ, ಮಕ್ಕಳು ಸರ್ಕಾರಿ ಶಾಲೆಗೆ ಹೋಗುತ್ತಾರೆ, ಶಾಲೆಯ ಹಣೆಬರಹ ಬರೆಯುವ ಬೋರ್ಡಿಗೆ ವೋಟು ಹಾಕುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರ 2016ರಲ್ಲಿ ಪೌರರಲ್ಲದ ಪೋಷಕರಿಗೂ ಸ್ಕೂಲ್ ಬೋರ್ಡ್ ವೋಟು ಕೊಡಲು ಒಪ್ಪಿತು. ಲಾಸ್ ಏಂಜಲೀಸ್‌ನಲ್ಲಿ ಅದಿರಲಿಲ್ಲ. ಝಿಮ್ಮರ್ 17 ವರ್ಷ ಪಾಠ ಹೇಳಿಕೊಟ್ಟದ್ದು ಇಂಥ ಮನೆಗಳ ಮಕ್ಕಳಿಗೇ. ಆ ಮನೆಗಳು ಅವರ ಕ್ಷೇತ್ರದ ಮತಪಟ್ಟಿಯಲ್ಲಿ ಬಹಳ ಕಡಿಮೆ ಇದ್ದವು.

ಅವರ ಪ್ರಚಾರದ ತಪ್ಪೂ ಇಲ್ಲೇ ಇತ್ತು ಎಂದು ನನಗೆ ತೋರುತ್ತದೆ. 2015-16ರಲ್ಲಿ ಜಿಲ್ಲೆಯ ಹೈಸ್ಕೂಲ್ ಮುಗಿಸುವವರ ಪ್ರಮಾಣ ಶೇ. 77ಕ್ಕೆ ಏರಿತ್ತು, ಅದು ದಾಖಲೆ. ಝಿಮ್ಮರ್ ಕಡೆಯವರು ಅದನ್ನೇ ಮುಂದಿಟ್ಟರು. ಫೇಲಾದ ವಿಷಯಗಳನ್ನು ಆನ್‌ಲೈನ್‌ನಲ್ಲಿ, ರಜೆಯಲ್ಲಿ, ಬೇಗ ಮುಗಿಸಿಬಿಡುವ ಕ್ರೆಡಿಟ್ ರಿಕವರಿ ತರಗತಿಗಳಿಂದ ಈ ಏರಿಕೆ ಬಂದಿದೆ ಎಂದು ಎದುರಾಳಿಗಳು ಅಂದರು. ಗ್ರೇಸ್ ಮಾರ್ಕ್ಸ್ ಜಗಳ ಕೇಳಿದ ಕಿವಿಗೆ ಇದು ಹೊಸದಲ್ಲ. ಬ್ರೆಂಟ್‌ವುಡ್‌ನ ಮತದಾರನಿಗೆ ಶೇ. 77 ಕೇಳಿದರೆ ಸಾಧನೆ ಅನ್ನಿಸುವುದಿಲ್ಲ. ಉಳಿದ 23 ಏನಾಯಿತು ಎಂದು ಕೇಳುತ್ತಾನೆ. ಇಡೀ ಜಿಲ್ಲೆಯ ಅಧ್ಯಕ್ಷರಾಗಿ ಮಾತಾಡಿದರು ಝಿಮ್ಮರ್. ವೋಟು ಮಾತ್ರ ಏಳರಲ್ಲಿ ಒಂದು ಕ್ಷೇತ್ರದ್ದು.

ಎರಡನೇ ಕುರ್ಚಿಯ 6ನೇ ಕ್ಷೇತ್ರದಲ್ಲಿ ಹಾಲಿ ಸದಸ್ಯರು ನಿಂತಿರಲಿಲ್ಲ. ಅಲ್ಲಿ ಚಾರ್ಟರ್ ಪರದವರ ಬೆಂಬಲವಿದ್ದ ಕೆಲ್ಲಿ ಗೊನೆಜ್ ಸಣ್ಣ ಅಂತರದಲ್ಲಿ ಇಮೆಲ್ಡಾ ಪಡಿಯಾ ಅವರನ್ನು ಸೋಲಿಸಿದರು. ಅದೇ ದುಡ್ಡು, ಅದೇ ದಿನ. ಹಾಲಿ ಸದಸ್ಯರಿಲ್ಲದ ಕಡೆ ಅಂತರ ಚಿಕ್ಕದು, ಇದ್ದ ಕಡೆ 14 ಅಂಶ. ಹಾಲಿ ಸದಸ್ಯತ್ವ ಇಲ್ಲಿ ಆಸ್ತಿಯಾಗಿರಲಿಲ್ಲ, ಸಾಲವಾಗಿತ್ತು.

ಆಮೇಲೆ

ಜುಲೈನಲ್ಲಿ ಹೊಸ ಬೋರ್ಡ್ ಕೂತಿತು. ಚಾರ್ಟರ್ ಪರದವರು ನಾಲ್ಕು, ಬೇರೆಯವರು ಮೂರು. ಜಿಲ್ಲೆಯ ಇತಿಹಾಸದಲ್ಲೇ ಮೊದಲ ಸಲ. ಚುನಾವಣೆಯನ್ನು ಸಮ ವರ್ಷಗಳಿಗೆ ಸರಿಸುವ ತೀರ್ಮಾನ 2015ರಲ್ಲೇ ಆಗಿದ್ದರಿಂದ, ಈ ಸಲ ಗೆದ್ದವರಿಗೆ ಸಿಕ್ಕಿದ್ದು ಐದೂವರೆ ವರ್ಷದ ಅವಧಿ. ಮತದಾರರು ಜಾಸ್ತಿ ಬರಲಿ ಎಂದು ಮಾಡಿದ ಬದಲಾವಣೆ ಅದು, ಈ ಚುನಾವಣೆಗೆ ಉಪಯೋಗಕ್ಕೆ ಬರಲಿಲ್ಲ, ಬಹುಮಾನ ಮಾತ್ರ ಉದ್ದವಾಯಿತು. ಅದೇ ತಿಂಗಳು ಸಂಬಳ ನಿಗದಿ ಮಾಡುವ ಆಯೋಗ ಬೇರೆ ಕೆಲಸ ಇಲ್ಲದ ಸದಸ್ಯರ ಸಂಬಳವನ್ನು 45,637ರಿಂದ 1,25,000 ಡಾಲರಿಗೆ ಏರಿಸಿತು. ಝಿಮ್ಮರ್ ಅಷ್ಟು ಹೊತ್ತಿಗೆ ಹೊರಗೆ.

ಬಹುಮತ ಬಹಳ ದಿನ ಬಾಳಲಿಲ್ಲ. ಹೊಸ ಅಧ್ಯಕ್ಷ ರೆಫ್ ರೊಡ್ರಿಗೆಜ್ ಮೇಲೆ ಸೆಪ್ಟೆಂಬರ್‌ನಲ್ಲೇ ಕೇಸು ಬಿತ್ತು. ತಮ್ಮ ಹಿಂದಿನ ಚುನಾವಣೆಯಲ್ಲಿ ಬೇರೆಯವರ ಹೆಸರಿನಲ್ಲಿ ಚಂದಾ ತೋರಿಸಿದ ಆರೋಪ. 2018ರ ಜುಲೈನಲ್ಲಿ ತಪ್ಪೊಪ್ಪಿಕೊಂಡು ರಾಜೀನಾಮೆ ಕೊಟ್ಟರು. ಅದಕ್ಕೆ ಮೊದಲು ಮೇಯಲ್ಲಿ ಬೋರ್ಡ್ ಹಣಕಾಸು ಕ್ಷೇತ್ರದಿಂದ ಬಂದ ಆಸ್ಟಿನ್ ಬ್ಯೂಟ್ನರ್ ಅವರನ್ನು ಸೂಪರಿಂಟೆಂಡೆಂಟ್ ಮಾಡಿತ್ತು. ಶಿಕ್ಷಕರ ಸಂಘದ ಜೊತೆ ಮಾತುಕತೆ ಮುರಿಯಿತು. 2019ರ ಜನವರಿ 14ರಂದು 30 ಸಾವಿರಕ್ಕೂ ಹೆಚ್ಚು ಶಿಕ್ಷಕರು ಮಳೆಯಲ್ಲಿ ಬೀದಿಗಿಳಿದರು. ಮೂವತ್ತು ವರ್ಷದಲ್ಲಿ ಮೊದಲ ಮುಷ್ಕರ. ಆರು ಶಾಲಾ ದಿನ ನಡೆಯಿತು.

ಮುಷ್ಕರ ಮುಗಿಸುವ ಒಪ್ಪಂದದಲ್ಲಿ ಒಂದು ಸಾಲಿತ್ತು. ಹೊಸ ಚಾರ್ಟರ್‌ಗಳಿಗೆ ಸದ್ಯಕ್ಕೆ ತಡೆ ಹಾಕಿ ಎಂದು ರಾಜ್ಯವನ್ನು ಕೇಳುವ ನಿರ್ಣಯವನ್ನು ಬೋರ್ಡ್ ಮತಕ್ಕೆ ಹಾಕಬೇಕು. ಜನವರಿ 29ರಂದು ಹಾಕಿದರು. ರೊಡ್ರಿಗೆಜ್ ಕುರ್ಚಿ ಖಾಲಿ, ಉಳಿದವರು ಆರು. ಗೊನೆಜ್ ಕೂಡ ಹೌದು ಎಂದರು. ನಿರ್ಣಯ 5ಕ್ಕೆ 1ರಲ್ಲಿ ಪಾಸಾಯಿತು. ಬೇಡ ಎಂದ ಆ ಒಂದು ವೋಟು 4ನೇ ಕ್ಷೇತ್ರದ ಮೆಲ್ವೊಯಿನ್ ಅವರದ್ದು.